ಆ ಹೆಸರುಗಳ ಮುಂದೆ 2, 3, 4 ಯಾಕೆ?

ಶಿವಮೊಗ್ಗದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ‘ಮಗಳ ಮನೆಗೆಂದು ಟೆಕ್ಸಾಸ್‌ಗೆ ಹೋಗಿದ್ದಾಗ ಮನೆಯ ಹಳೇ ಸಾಮಾನು ಮಾರುವ ಒಂದು ಗರಾಜ್ ಸೇಲ್‌ನಲ್ಲಿ 1955ರ ಹೈಸ್ಕೂಲಿನ ಇಯರ್‌ಬುಕ್ (ವಿದ್ಯಾರ್ಥಿಗಳ ಫೋಟೊ, ಚಟುವಟಿಕೆಗಳ ವಾರ್ಷಿಕ ಪುಸ್ತಕ) ಸಿಕ್ಕಿತು. ಒಂದು ಡಾಲರ್ ಕೊಟ್ಟು ತಂದೆ. ಹುಡುಗಿಯರ ಫೋಟೊ ಕೆಳಗೆ “ಎಫ್.ಎಚ್.ಎ. 2, 3, 4, ವೈ-ಟೀನ್ಸ್ 3, ಜಿ.ಎ.ಎ. 2” ಅಂತೆಲ್ಲ ಇದೆ. ಏನಿದು? ಯಾವ ಪುಟ ತೆಗೆದರೂ ಹುಡುಗಿಯರು ಟೀ ಹಂಚುತ್ತಿದ್ದಾರೆ, ಕೇಕ್ ಮಾರುತ್ತಿದ್ದಾರೆ, ಆಸ್ಪತ್ರೆಗೆ ಹೋಗುತ್ತಿದ್ದಾರೆ. ಇದು ಶಾಲೆಯೋ, ಮದುವೆಗೆ ಮುಂಚಿನ ಟ್ರೇನಿಂಗೋ? ಕರಿಯರ ಮುಖ ಒಂದೂ ಇಲ್ಲ, ಯಾಕೆ? ಪುಸ್ತಕ ನಾನೇ ಇಟ್ಟುಕೊಳ್ಳಬಹುದಾ?’

ನಮಸ್ಕಾರ ಮೇಡಂ. ಒಂದು ಡಾಲರಿಗೆ ಒಳ್ಳೇ ವ್ಯಾಪಾರವೇ ಆಗಿದೆ.

ಮೊದಲು ಆ ಅಂಕಿಗಳು. ಅಲ್ಲಿ ಹೈಸ್ಕೂಲು ನಾಲ್ಕು ವರ್ಷದ್ದು. ‘2, 3, 4’ ಅಂದರೆ ಆ ಹುಡುಗಿ ಎರಡನೇ ವರ್ಷದಿಂದ ಕೊನೇವರೆಗೂ ಆ ಕ್ಲಬ್ಬಿನಲ್ಲಿದ್ದಳು ಅಂತ. ಫೋಟೊ ಕೆಳಗಿನ ಪಟ್ಟಿ ಉದ್ದವಿದ್ದಷ್ಟೂ ಗೌರವ ಜಾಸ್ತಿ. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ 1950ರಲ್ಲಿ ಬ್ರೂಕ್ಲಿನ್ನಿನ ಜೇಮ್ಸ್ ಮ್ಯಾಡಿಸನ್ ಹೈಸ್ಕೂಲ್ ಮುಗಿಸಿದರು. ಅವರ ಪಟ್ಟಿಯಲ್ಲೂ ಶಾಲೆಯ ಆಟಗಾರರನ್ನು ಹುರಿದುಂಬಿಸುವ ‘ಗೋ-ಗೆಟರ್ಸ್’ ಕ್ಲಬ್, ಕೋಲು ತಿರುಗಿಸುವ ಹುಡುಗಿಯರ ತಂಡ, ವಾದ್ಯವೃಂದ ಎಲ್ಲ ಇದ್ದವು.

ಎಫ್.ಎಚ್.ಎ. ಅಂದರೆ ಫ್ಯೂಚರ್ ಹೋಮ್‌ಮೇಕರ್ಸ್ ಆಫ್ ಅಮೆರಿಕ. 1945ರ ಜೂನ್‌ನಲ್ಲಿ ಶಿಕಾಗೋದಲ್ಲಿ ಶುರುವಾದದ್ದು. ಇದರ ಬೇರು ಇನ್ನೂ ಹಿಂದಿದೆ. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಶಾಲೆಗಳಲ್ಲಿ ಬೇಸಾಯ, ಕೈಕಸುಬು ಮತ್ತು ಗೃಹವಿಜ್ಞಾನ ಕಲಿಸಲು ಕೇಂದ್ರ ಸರ್ಕಾರದ ದುಡ್ಡು ಕೊಟ್ಟಿತು. ಹುಡುಗರು ಬೇಸಾಯದ ಕಡೆ, ಹುಡುಗಿಯರು ಅಡುಗೆ-ಹೊಲಿಗೆಯ ಕಡೆ. ಹುಡುಗರ ರೈತ ಕ್ಲಬ್ಬು ಎಫ್.ಎಫ್.ಎ. 1928ರಲ್ಲೇ ಬಂತು, ಅದು ರಾಷ್ಟ್ರಮಟ್ಟದಲ್ಲಿ ಹುಡುಗಿಯರನ್ನು ಸೇರಿಸಿಕೊಂಡದ್ದು 1969ರಲ್ಲಿ. ಮನೆಯಲ್ಲಿ ಹಸು ಕರೆಯೋ ಹುಡುಗಿಗೂ ಅಲ್ಲೀವರೆಗೆ ಆ ಬಾಗಿಲು ಮುಚ್ಚಿತ್ತು.

ಹಾಗಾದರೆ ‘ಮದುವೆಯ ಟ್ರೇನಿಂಗ್’ ಅನ್ನೋ ನಿಮ್ಮ ಮಾತು ಸರಿಯಾ? ಹೆಸರು ನೋಡಿದರೆ ಸರಿ. ಕೆಲಸ ನೋಡಿದರೆ ಪೂರ್ತಿ ಸರಿ ಅನ್ನಿಸುವುದಿಲ್ಲ. ನಿಮ್ಮ ಪುಸ್ತಕದ ಎಫ್.ಎಚ್.ಎ. ಪುಟದಲ್ಲಿ ಪದಾಧಿಕಾರಿಗಳ ಸಾಲು ನೋಡಿ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಜೊತೆಗೆ ‘ಪಾರ್ಲಿಮೆಂಟೇರಿಯನ್’ ಅಂತ ಒಬ್ಬಳು ಇರಬಹುದು. ಸಭೆ ನಿಯಮದ ಪ್ರಕಾರ ನಡೆಯುತ್ತಿದೆಯಾ ಅಂತ ಕಾಯುವುದೇ ಅವಳ ಕೆಲಸ. ಠರಾವು ಮಂಡಿಸಬೇಕು, ಇನ್ನೊಬ್ಬಳು ಅನುಮೋದಿಸಬೇಕು, ಆಮೇಲೆ ಚರ್ಚೆ, ಆಮೇಲೆ ಮತ. ಹೋದ ಸಭೆಯ ನಡಾವಳಿ ಓದದೆ ಈ ಸಭೆ ಶುರುವಾಗುವಂತಿಲ್ಲ. ಕೇಕ್ ಮಾರಿ ಬಂದ ಚಿಲ್ಲರೆಗೂ ಲೆಕ್ಕ. ಶಾಲೆಯ ಒಟ್ಟು ವಿದ್ಯಾರ್ಥಿ ಸಂಘದಲ್ಲಿ ಅಧ್ಯಕ್ಷ ಸ್ಥಾನ ಬಹುಮಟ್ಟಿಗೆ ಹುಡುಗನದು, ಬರೆದುಕೊಳ್ಳುವ ಕೆಲಸ ಹುಡುಗಿಯದು. ಹುಡುಗಿಯರ ಕ್ಲಬ್ಬಿನಲ್ಲಿ ಮಾತ್ರ ಎಲ್ಲ ಕುರ್ಚಿಯೂ ಅವರದೇ. ಟೀ ಕಪ್ಪಿನ ಫೋಟೊಗಳಲ್ಲಿ ಇದು ಕಾಣುವುದಿಲ್ಲ ಅಷ್ಟೆ. ನನಗೆ ಕೇಕಿಗಿಂತ ಆ ಲೆಕ್ಕದ ಪುಸ್ತಕವೇ ಮುಖ್ಯ ಅನ್ನಿಸುತ್ತದೆ.

ವೈ-ಟೀನ್ಸ್ ವೈ.ಡಬ್ಲ್ಯು.ಸಿ.ಎ. ಅನ್ನುವ ಕ್ರಿಶ್ಚಿಯನ್ ಯುವತಿಯರ ಸಂಘದ ಶಾಲಾ ಕ್ಲಬ್ಬು. 1946ರವರೆಗೆ ಅದರ ಹೆಸರು ಗರ್ಲ್ ರಿಸರ್ವ್ಸ್.

ಇನ್ನು ಸೇವೆ. ಆ ಪುಟಗಳಲ್ಲಿ ಜೂನಿಯರ್ ರೆಡ್ ಕ್ರಾಸ್ ಇದ್ದರೆ ಅವರ ಪೆಟ್ಟಿಗೆಗಳನ್ನು ಹುಡುಕಿ. ಚಿಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಸೋಪು, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಪೆನ್ಸಿಲು, ಒಂದು ಚೆಂಡೋ ಗೋಲಿಯೋ ತುಂಬಿ ಯುದ್ಧದಲ್ಲಿ ಹಾಳಾದ ದೇಶಗಳ ಮಕ್ಕಳಿಗೆ ಕಳಿಸುತ್ತಿದ್ದರು. ‘ಕೇರ್’ ಅನ್ನುವ ಪರಿಹಾರ ಸಂಸ್ಥೆಯ ಪಾರ್ಸೆಲ್ಲುಗಳಿಗೂ ಶಾಲಾ ಕ್ಲಬ್ಬುಗಳು ಚಂದಾ ಎತ್ತುತ್ತಿದ್ದವು. ನಮ್ಮ ಶಾಲೆಗಳಲ್ಲಿ ಕೇರ್ ಉಪ್ಪಿಟ್ಟು ತಿಂದವರಿಗೆ ಆ ಹೆಸರು ಮರೆತಿರಲಿಕ್ಕಿಲ್ಲ. ಆಸ್ಪತ್ರೆಯ ಫೋಟೊದಲ್ಲಿ ಹುಡುಗಿಯರು ಪಟ್ಟೆಪಟ್ಟೆ ಏಪ್ರನ್ ಹಾಕಿದ್ದರೆ ಅವರು ‘ಕ್ಯಾಂಡಿ ಸ್ಟ್ರೈಪರ್ಸ್’. 1944ರಲ್ಲಿ ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನಲ್ಲಿ ಹೈಸ್ಕೂಲ್ ಹುಡುಗಿಯರು ಕೆಂಪು-ಬಿಳಿ ಪಟ್ಟೆಯ ಬಟ್ಟೆಯಲ್ಲಿ ತಾವೇ ಹೊಲಿದುಕೊಂಡ ಉಡುಪಿನಿಂದ ಬಂದ ಹೆಸರು ಅದು.

ಆಗಿನ ಶಾಲಾ ಮಕ್ಕಳು ಪೋಲಿಯೊ ವಿರುದ್ಧ ಚಂದಾನೂ ಎತ್ತುತ್ತಿದ್ದರು. ಅದು ಮಾತ್ರ ಸುಮ್ನೆ ಮಾಡಿದ ಪುಣ್ಯದ ಕೆಲಸವಲ್ಲ. 1952ರಲ್ಲಿ ಅಮೆರಿಕದಲ್ಲಿ ಸುಮಾರು 58,000 ಜನಕ್ಕೆ ಪೋಲಿಯೊ ಬಂತು. ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದವಳು ಬೇಸಿಗೆ ರಜೆ ಮುಗಿಸಿ ಊರುಗೋಲಿನ ಮೇಲೆ ಬರುವುದನ್ನು ಆ ಮಕ್ಕಳು ಕಣ್ಣಾರೆ ಕಂಡಿದ್ದರು. ಸಣ್ಣ ಖಾನೆಗಳಿದ್ದ ರಟ್ಟಿನ ಕಾರ್ಡಿಗೆ ಹತ್ತು ಸೆಂಟಿನ ನಾಣ್ಯ ಸಿಕ್ಕಿಸಿಕೊಂಡು ‘ಮಾರ್ಚ್ ಆಫ್ ಡೈಮ್ಸ್’ ಅನ್ನುವ ಪೋಲಿಯೊ ನಿಧಿಗೆ ದುಡ್ಡು ಕೂಡಿಸುತ್ತಿದ್ದರು. ಪೋಲಿಯೊ ತಡೆಯುವ ಸಾಲ್ಕ್ ಲಸಿಕೆಯ ಸಂಶೋಧನೆಗೆ ಹೋದದ್ದು ಇಂಥ ಚಿಲ್ಲರೆಯೇ. ಲಸಿಕೆ ಕೆಲಸ ಮಾಡುತ್ತದೆ ಅಂತ ಸಾರಿದ್ದು 1955ರ ಏಪ್ರಿಲ್ 12ರಂದು, ನಿಮ್ಮ ಪುಸ್ತಕದ ವರ್ಷವೇ!

ಜಿ.ಎ.ಎ. ಹುಡುಗಿಯರ ಆಟದ ಸಂಘ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಹುಡುಗಿಯರು ಪೈಪೋಟಿಗೆ ಬೀಳಬಾರದು ಅಂತ ದೊಡ್ಡವರು, ಅದರಲ್ಲೂ ಕ್ರೀಡಾ ಶಿಕ್ಷಕಿಯರೇ, ತೀರ್ಮಾನಿಸಿದ್ದರು. ಎಷ್ಟೋ ಕಡೆ ಪಂದ್ಯದ ಬದಲು ‘ಪ್ಲೇ ಡೇ’ ನಡೆಯುತ್ತಿತ್ತು. ಬೇರೆ ಬೇರೆ ಶಾಲೆಯ ಹುಡುಗಿಯರನ್ನು ಕಲಸಿ ತಂಡ ಮಾಡುವುದು, ಯಾವ ಶಾಲೆಯೂ ಗೆಲ್ಲದ ಹಾಗೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆರಾರು ಜನ. ಮೂವರು ಅಂಕಣದ ಈ ಅರ್ಧದಲ್ಲಿ, ಮೂವರು ಆ ಅರ್ಧದಲ್ಲಿ, ಗೆರೆ ದಾಟುವಂತಿಲ್ಲ. ಆಟ ಮುಗಿದ ಮೇಲೆ ತಿಂಡಿ, ಪಾನೀಯ. ಅಯೋವಾದಂಥ ಕಡೆ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ನೋಡಲು ಊರಿಗೆ ಊರೇ ಸೇರುತ್ತಿತ್ತು ಅನ್ನುವುದೂ ನಿಜ. ಆದರೆ ಅದು ಎಲ್ಲೆಡೆಯ ಮಾತಲ್ಲ. ಶಾಲೆಯ ಕ್ರೀಡೆಯಲ್ಲಿ ಕಾನೂನು ಹುಡುಗಿಯರ ಪರ ನಿಂತದ್ದು 1972ರ ‘ಟೈಟಲ್ ನೈನ್’ ಕಾಯ್ದೆ ಬಂದ ಮೇಲೆ.

ಕರಿಯರ ಮುಖ ಯಾಕಿಲ್ಲ? ಯಾಕೆಂದರೆ ಆಗ ಟೆಕ್ಸಾಸ್‌ನಲ್ಲಿ ಅವರಿಗೆ ಬೇರೆಯೇ ಶಾಲೆ. ಶಾಲೆಯಲ್ಲಿ ಈ ಬೇರ್ಪಡಿಕೆ ಸಂವಿಧಾನಕ್ಕೆ ವಿರುದ್ಧ ಅಂತ 1954ರ ಮೇ ತಿಂಗಳಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ದಕ್ಷಿಣದ ಊರುಗಳು ಅದನ್ನು ವರ್ಷಗಟ್ಟಲೆ ಎಳೆದವು. ಕ್ಲಬ್ಬೂ ಬೇರೆ: ದಕ್ಷಿಣದ ಕರಿಯ ಹುಡುಗಿಯರಿಗೆ 1945ರಲ್ಲೇ ನ್ಯೂ ಹೋಮ್‌ಮೇಕರ್ಸ್ ಆಫ್ ಅಮೆರಿಕ ಅಂತ ಇನ್ನೊಂದು ಸಂಘ ಹುಟ್ಟಿತ್ತು. ಅದೇ ಅಡುಗೆ, ಅದೇ ಠರಾವು. 1965ರಲ್ಲಿ ಎರಡೂ ಒಂದಾದವು. ಉಳಿದದ್ದು ಬಿಳಿಯರ ಸಂಘದ ಹೆಸರೇ.

ಒಂದೇ ಶಾಲೆಗೆ ಬಂದ ಮಾತ್ರಕ್ಕೂ ಆಗಲಿಲ್ಲ. 1957ರಲ್ಲಿ ಅರ್ಕನ್ಸಾದ ಲಿಟಲ್ ರಾಕ್ ಸೆಂಟ್ರಲ್ ಹೈಸ್ಕೂಲಿಗೆ ಸೈನಿಕರ ಕಾವಲಿನಲ್ಲಿ ಸೇರಿದ ಒಂಬತ್ತು ಮಕ್ಕಳಲ್ಲಿ ಆರು ಹುಡುಗಿಯರು. ಕ್ಲಾಸಿಗೆ ಬರಬಹುದು, ಕ್ಲಬ್ಬು-ಆಟ-ನಾಟಕಕ್ಕೆ ಸೇರುವಂತಿಲ್ಲ ಅಂತ ಅವರಿಗೆ ಹೇಳಲಾಗಿತ್ತು. ಅವರಲ್ಲಿ ಮಿನಿಜೀನ್ ಬ್ರೌನ್ ಹಾಡುತ್ತಿದ್ದಳು. ಶಾಲೆಯ ವೇದಿಕೆಯಲ್ಲಿ ಹಾಡಲು ಅವಳನ್ನು ಬಿಡಲಿಲ್ಲ.

ಪುಸ್ತಕ ಇಟ್ಟುಕೊಳ್ಳಿ, ತೊಂದರೆ ಇಲ್ಲ. ಕೊಡುವ ಮನಸ್ಸಾದರೆ ಆ ಊರಿನ ಸಾರ್ವಜನಿಕ ಗ್ರಂಥಾಲಯವನ್ನು ಕೇಳಿ. ಹಳೇ ಇಯರ್‌ಬುಕ್ಕುಗಳನ್ನು ಜೋಪಾನ ಮಾಡುವ ಗ್ರಂಥಾಲಯಗಳು ಅಲ್ಲಿ ಬಹಳ. ಮತ್ತೆ ಮಗಳ ಮನೆಗೆ ಹೋದಾಗ ಇನ್ನೊಂದು ಕೆಲಸ ಮಾಡಿ. ಎರಡೂ ಬಗೆಯ ಶಾಲೆಗಳನ್ನು ಸೇರಿಸಿದಾಗ ಮುಚ್ಚಿದ್ದು ಹೆಚ್ಚಾಗಿ ಕರಿಯರ ಶಾಲೆಗಳನ್ನು. ಅವುಗಳ ಟ್ರೋಫಿ, ಫೋಟೊ, ಇಯರ್‌ಬುಕ್ಕುಗಳು ಎಷ್ಟೋ ಕಡೆ ಕಸಕ್ಕೆ ಹೋದವು. ಅಂಥದ್ದೊಂದು ಸೇಲ್‌ನಲ್ಲಿ ಕಣ್ಣಿಗೆ ಬಿದ್ದರೆ ಒಂದು ಡಾಲರ್ ಅಲ್ಲ, ಹತ್ತು ಕೇಳಿದರೂ ಚೌಕಾಸಿ ಮಾಡಬೇಡಿ.

– ಸಂ.