‘ಕಿರುಚಾಟ’ ಹಿಡಿಸತೊಡಗಿದಾಗ: ತೀರ್ಥಹಳ್ಳಿಯ ಓದುಗರಿಗೆ ಸಂಪಾದಕರ ಉತ್ತರ

ಪತ್ರದ ಸಾರ: ‘1980ರ ದಶಕದಲ್ಲಿ ನನ್ನ ತಮ್ಮ ತಂದಿದ್ದ ನಕಲು ಕ್ಯಾಸೆಟ್ಟಿನಲ್ಲಿ ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಲಿನ್‌ನ ಗಾಯಕ ರಾಬರ್ಟ್ ಪ್ಲಾಂಟ್ ಹಾಡಿದ್ದು ಕೇಳಿ, ಇದೆಂಥ ಕಿರುಚಾಟ ಅಂತ ಎದ್ದು ಹೋಗಿದ್ದೆ. ಕರ್ನಾಟಕ ಸಂಗೀತ ಕಲಿತವಳು ನಾನು. ಈ ಮಳೆಗಾಲದಲ್ಲಿ ಮಗಳು ಮೊಬೈಲಿನಲ್ಲಿ ಅವನನ್ನೇ ಹಾಕುತ್ತಾಳೆ. ಬೇಡವೆಂದರೂ ಕಿವಿ ಅತ್ತ ಹೋಗುತ್ತದೆ. ನನ್ನ ಕಿವಿ ಕೆಟ್ಟಿತೆ? ಕೇಳುವುದಾದರೆ ಎಲ್ಲಿಂದ ಶುರು ಮಾಡಲಿ? ಮಗಳಿಗೆ ಏನು ಹೇಳಲಿ?’

ಮಾನ್ಯರೇ,

ನಿಮ್ಮ ಕಿವಿ ಕೆಟ್ಟಿಲ್ಲ. ಅಂದು ನೀವು ಕೇಳಿದ್ದರಲ್ಲಿ ಅರ್ಧ ಕ್ಯಾಸೆಟ್ಟಿನ ತಪ್ಪು. ನಕಲು ಮಾಡುವಾಗ ರೆಕಾರ್ಡಿಂಗ್ ಮಟ್ಟವನ್ನು ಹೆಚ್ಚಿಗೆ ಇಟ್ಟರೆ ಎತ್ತರದ ಸ್ವರಗಳು ಟೇಪಿನಲ್ಲಿ ಒಡೆಯುತ್ತವೆ. ಪ್ಲಾಂಟ್ ದನಿಯ ಬಹುಪಾಲು ಎತ್ತರದಲ್ಲೇ ಇರುವುದರಿಂದ ಪೆಟ್ಟು ಬಿದ್ದಿದ್ದೂ ಅದಕ್ಕೇ. ಆ ಕ್ಯಾಸೆಟ್ ಇನ್ನೂ ಇದ್ದರೆ ಹಾಕಿ ನೋಡಬೇಡಿ. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಟೇಪಿನ ಅಂಚಿಗೆ ಬಿಳಿ ಬೂಸು ಹಿಡಿದಿರುತ್ತದೆ. ಅದು ಪ್ಲೇಯರಿನ ಹೆಡ್ಡಿಗೆ ಅಂಟಿ ಅಲ್ಲಿಂದ ಉಳಿದ ಕ್ಯಾಸೆಟ್ಟುಗಳಿಗೂ ಹೋಗುತ್ತದೆ.

ಇನ್ನರ್ಧ ನಿಮ್ಮ ಕಲಿಕೆಯದು. ಪ್ಲಾಂಟ್ ಹಾಡಿಕೆಯ ಬೇರು ಅಮೆರಿಕದ ಕಪ್ಪು ಜನರ ಬ್ಲೂಸ್. ಅದರಲ್ಲಿ ಗಾಂಧಾರ, ಅಂದರೆ ಸರಿಗಮದ ‘ಗ’, ಒಂದು ಕಡೆ ನಿಲ್ಲುವುದಿಲ್ಲ. ತಗ್ಗಿನ ಸಾಧಾರಣ ಗಾಂಧಾರಕ್ಕೂ ಅದಕ್ಕಿಂತ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಜಾರುತ್ತಿರುತ್ತದೆ. ಶ್ರುತಿಗೆ ಪಳಗಿದ ಕಿವಿಗೆ ಅದು ಅಪಸ್ವರ ಎನಿಸುವುದು ಸಹಜ. ಆದರೆ ಗಾಯಕ ಪ್ರತಿ ಸಾಲಿನಲ್ಲೂ ಬೇಕೆಂದೇ ಆ ಜಾರುವಿಕೆಗೆ ಮರಳುತ್ತಾನೆ. ನಮ್ಮಲ್ಲಿ ಸ್ವರವನ್ನು ಅಲುಗಿಸುವ ಗಮಕ ಕೆಲವು ರಾಗಗಳ ಜೀವ ಆಗಿರುವ ಹಾಗೆಯೇ ಇದೂ. ಇದನ್ನು ಗುರುತಿಸಿದ ಮೇಲೆ ಅಪಸ್ವರದ ದೂರು ಬಹುಮಟ್ಟಿಗೆ ತಾನಾಗಿ ಹೋಗುತ್ತದೆ.

ಎತ್ತರದ ಮಾತಿಗೆ ಯಕ್ಷಗಾನವನ್ನೇ ನೆನೆಯಿರಿ. ಚಂಡೆಯ ಪೆಟ್ಟಿನ ಮೇಲೆ ಪದ ಕೇಳಬೇಕಾದರೆ ಭಾಗವತರು ಏರು ಶ್ರುತಿಯಲ್ಲೇ ಹಾಡಬೇಕು. ಜಾನ್ ಬೋನಮ್‌ನ ಡ್ರಮ್ಸ್ ಮತ್ತು ಜಿಮ್ಮಿ ಪೇಜ್‌ನ ಗಿಟಾರಿನ ನಡುವೆ ಪ್ಲಾಂಟ್‌ಗೆ ಇದ್ದ ದಾರಿಯೂ ಅದೇ. 1969ರ ಮೊದಲ ಆಲ್ಬಮ್ಮಿನ ‘ಯೂ ಶುಕ್ ಮಿ’ ಹಾಡಿನ ಕೊನೆಯಲ್ಲಿ ಗಿಟಾರು ಒಂದು ಸಾಲು ನುಡಿಸುತ್ತದೆ, ಅವನು ಕಂಠದಲ್ಲಿ ಉತ್ತರ ಕೊಡುತ್ತಾನೆ. ಅದು ಸವಾಲ್-ಜವಾಬ್. ಗಿಟಾರು ಕೇಳಿಸದೆ ಜವಾಬು ಮಾತ್ರ ಕೇಳಿದರೆ ಕಿರುಚಾಟವೇ.

ಮೊಬೈಲಿನ ಸ್ಪೀಕರಿನಲ್ಲಿ ಆಗುವುದು ಸುಮಾರಾಗಿ ಇದೇ. ಅಷ್ಟು ಸಣ್ಣ ಸ್ಪೀಕರು ಬೇಸ್ ಗಿಟಾರು, ದೊಡ್ಡ ಡ್ರಮ್ಮುಗಳ ತಗ್ಗು ನಾದವನ್ನು ಹೊರಡಿಸಲಾರದು. ಕಂಠ ಮತ್ತು ಗಿಟಾರಿನ ಚೂಪು ಮಾತ್ರ ಉಳಿಯುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ಹಾಕಿಕೊಳ್ಳಿ. ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಕೇಳಬೇಡಿ. ಮೆಲುದನಿಯ ಭಾಗ ಮಳೆಯಲ್ಲಿ ಮುಳುಗುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ, ಅಷ್ಟರಲ್ಲಿ ಇಡೀ ತಂಡ ಒಟ್ಟಿಗೆ ಎರಗುತ್ತದೆ. ಇನ್ನೂ ಚುಚ್ಚಿದರೆ ಮೊಬೈಲಿನ ಈಕ್ವಲೈಜರಿನಲ್ಲಿ (ತಗ್ಗು, ಎತ್ತರದ ನಾದಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸೆಟ್ಟಿಂಗು) 3 ಕಿಲೋಹರ್ಟ್ಜ್ ಸುತ್ತ 2-3 ಡೆಸಿಬೆಲ್ ಇಳಿಸಿ. ಕಿವಿ ಅತಿ ಸೂಕ್ಷ್ಮವಾಗಿರುವುದು ಅಲ್ಲಿಯೇ.

ಶುರು ಮಾಡುವುದು ಕೊನೆಯ ಕಡೆಯಿಂದ. 1969ರಿಂದ ಆರಂಭಿಸಿದವರು ಎರಡನೇ ಹಾಡಿಗೇ ಕೈಬಿಡುವುದುಂಟು. 2007ರಲ್ಲಿ ಪ್ಲಾಂಟ್ ಬ್ಲೂಗ್ರಾಸ್ ಎಂಬ ಅಮೆರಿಕದ ಜಾನಪದ ಶೈಲಿಯ ಗಾಯಕಿ ಆಲಿಸನ್ ಕ್ರೌಸ್ ಜೊತೆ ‘ರೈಸಿಂಗ್ ಸ್ಯಾಂಡ್’ ಮಾಡಿದ. 2009ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿ ಅದಕ್ಕೇ ಬಂತು. ಅಲ್ಲಿ ಅವನು ಬಹುಪಾಲು ಪಿಸುದನಿಯಲ್ಲಿ, ಆಕೆಯ ದನಿಗೆ ಜಾಗ ಬಿಟ್ಟು ಹಾಡುತ್ತಾನೆ. ಒಂದು ವಾರ ಅದೊಂದೇ ಸಾಕು. ಆಮೇಲೆ ಈಜಿಪ್ಟಿನ ವಾದ್ಯಗಾರರೂ ಇರುವ 1994ರ ‘ನೋ ಕ್ವಾರ್ಟರ್’, ಅಲ್ಲಿಂದ ಹಿಂದಕ್ಕೆ ಲೆಡ್ ಜೆಪ್ಲಿನ್‌ನ 1975, 1970ರ ಆಲ್ಬಮ್ಮುಗಳು, ಕಡೆಗೆ 1969ರದ್ದು. ಆ ಹೊತ್ತಿಗೆ ದನಿ ಪರಿಚಯವಾಗಿರುತ್ತದೆ, ಎತ್ತರಕ್ಕೆ ಏರಿದರೂ ಯಾರದೆಂದು ಗೊತ್ತಿರುತ್ತದೆ. ನಡುವೆ ಬಿಡುವಾದರೆ, ಅವನೂ ಪೇಜ್‌ನೂ 1972ರಲ್ಲಿ ಬೊಂಬಾಯಿಯ ವಾದ್ಯಗಾರರ ಜೊತೆ ಮುದ್ರಿಸಿದ ಎರಡು ಹಾಡುಗಳಿವೆ; ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ.

ಇಷ್ಟವಾಯಿತೆಂದು ಎಲ್ಲವನ್ನೂ ಒಪ್ಪಬೇಕಿಲ್ಲ. ಬ್ಲೂಸ್ ಕವಿ ವಿಲ್ಲಿ ಡಿಕ್ಸನ್‌ನ ಸಾಲುಗಳನ್ನು ‘ಹೋಲ್ ಲಾಟಾ ಲವ್’ ಹಾಡಿನಲ್ಲಿ ಹೆಸರು ಹಾಕದೆ ಬಳಸಿದ್ದಕ್ಕೆ 1985ರಲ್ಲಿ ದಾವೆಯಾಗಿ, ನ್ಯಾಯಾಲಯದ ಹೊರಗೆ ರಾಜಿಯಾಯಿತು. ಆ ತಕರಾರು ನ್ಯಾಯದ್ದು, ಉಳಿಸಿಕೊಳ್ಳಿ.

ಮಗಳಿಗೆ ‘ನನಗೂ ಹಿಡಿಸುತ್ತಿದೆ’ ಎಂದೇ ಹೇಳಿ, ಮೊದಲು ಸೇರದೆ ಇದ್ದದ್ದನ್ನೂ ಹೇಳಿ. ಆಮೇಲೆ ಇಬ್ಬರೂ ಕೂತು 1975ರ ‘ಕಾಶ್ಮೀರ್’ ಹಾಕಿ. ಅದರಲ್ಲಿ ಡ್ರಮ್ಸ್ ನಾಲ್ಕರಲ್ಲಿ ಹೋಗುತ್ತದೆ, ಗಿಟಾರಿನ ಆ ಏರುವ ಸಾಲು ಮೂರರಲ್ಲಿ. ನೀವು ನಾಲ್ಕರ ಎಣಿಕೆಯ ಚತುರಶ್ರ ಹಾಕಿ, ಅವಳಿಗೆ ಮೂರರ ತಿಶ್ರ ಹಾಕಲು ಹೇಳಿ. ಎಣಿಕೆ ತಪ್ಪದಿದ್ದರೆ ಪ್ರತಿ ಹನ್ನೆರಡು ಪೆಟ್ಟಿಗೊಮ್ಮೆ ಇಬ್ಬರ ಕೈಯೂ ಒಟ್ಟಿಗೆ ಸಮಕ್ಕೆ ಬೀಳುತ್ತದೆ.

— ಸಂಪಾದಕ