ಪಂಪ್ ಬಿಚ್ಚಿ ಕೂರಿಸಿದ ಮೇಲೆ ಬಿಳಿ ಹೊಗೆ
ಗಾಡಿಯ ಡೀಸೆಲ್ ಪಂಪ್ (ಇಂಜೆಕ್ಟರಿಗೆ ಡೀಸೆಲ್ ತಳ್ಳುವ ಪಂಪ್) ರಿಪೇರಿ ಆದ ಮೇಲೆ ಬೆಳಿಗ್ಗೆ ಬಿಳಿ ಹೊಗೆ, ಮುರಕಲ್ಲು ಲೋಡ್ ಹಾಕಿದರೆ ಬದಿಯಡ್ಕ ಕಡೆಯ ಏರಿನಲ್ಲಿ ಎಳೆಯುವುದಿಲ್ಲ ಅಂತ ಕೇಳಿದ್ದೀರಿ. ಟೈಮಿಂಗ್, ಅಂದರೆ ಪಂಪ್ ಡೀಸೆಲ್ ತಳ್ಳುವ ಹೊತ್ತು, ತಡವಾದ ಲಕ್ಷಣ ಇದು. ಆದರೆ ರೇಡಿಯೇಟರ್ ನೀರು ಕಮ್ಮಿ ಆಗ್ತಾ ಇದ್ದರೆ ಮೊದಲು ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲ್) ನೋಡಿ, ಇಂಜೆಕ್ಟರ್ ಕೂಡ ಟೆಸ್ಟ್ ಮಾಡಿಸಿ.

ನಿಮ್ಮದು ಆರು ಸಿಲಿಂಡರಿನ ಇನ್‌ಲೈನ್ ಪಂಪ್ (ಪ್ರತಿ ಸಿಲಿಂಡರಿಗೂ ಒಂದೊಂದು ಔಟ್‌ಲೆಟ್ ಸಾಲಾಗಿ ಇರುವುದು) ಅಲ್ವಾ? ಆರನೆಯ ಸಿಲಿಂಡರಿನ ಎರಡೂ ವಾಲ್ವ್ ಒಟ್ಟಿಗೆ ಅಲುಗುವಾಗ ಒಂದನೆಯದು ಕಂಪ್ರೆಶನ್‌ನ ಮೇಲ್ತುದಿಯಲ್ಲಿ ಇರುತ್ತದೆ. ಅಲ್ಲಿಂದ ಎಂಜಿನ್ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಪಂಪಿನ ಒಂದನೆಯ ಡೆಲಿವರಿ ವಾಲ್ವ್ (ಡೀಸೆಲ್ ಹೊರಗೆ ಬಿಡುವ ವಾಲ್ವ್), ಸ್ಪ್ರಿಂಗ್ ತೆಗೆದು ಅದರ ಹೋಲ್ಡರ್ ಮಾತ್ರ ವಾಪಸ್ ಹಾಕಿ, ಬಾಗಿದ ಸಣ್ಣ ಪೈಪ್ ಕಟ್ಟಿ. ಸ್ಟಾಪ್ ಲಿವರ್ ಓಡುವ ಕಡೆಗೇ ಇರಲಿ. ಕೈಪಂಪ್ ಒತ್ತುತ್ತಾ ಎಂಜಿನ್ ಓಡುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ, ಆ ಪೈಪಿನ ಡೀಸೆಲ್ ಧಾರೆ ನಿಂತು ಹನಿಗೆ ಬಂದ ಕೂಡಲೇ ನಿಲ್ಲಿಸಿ. ಆಗ ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಮಾರ್ಕ್ ನಿಮ್ಮ ಎಂಜಿನಿನ ಮ್ಯಾನ್ಯುವಲ್‌ನಲ್ಲಿರುವ ಡಿಗ್ರಿಗೆ ಹೊಂದಬೇಕು. ದಾಟಿ ಹೋದರೆ ಬರೀ ಮಾರ್ಕಿಗೆ ಹಿಂದೆ ತರಬೇಡಿ, ಗೇರಿನ ಸಡಿಲ ತಪ್ಪು ತೋರಿಸುತ್ತದೆ. ಜಾಸ್ತಿ ಹಿಂದೆ ಹೋಗಿ ಮತ್ತೆ ಬನ್ನಿ.

ಕಿವಿಯಲ್ಲಿ ಕೇಳಿ ಸುಮ್ನೆ ಟೈಮಿಂಗ್ ಮುಂದೆ ತಳ್ಳಬೇಡಿ. ಜಾಸ್ತಿ ಮುಂದಾದರೆ ಗಟ್ಟಿಯಾಗಿ ಬಡಿಯುತ್ತದೆ, ಪಿಸ್ಟನ್ನಿಗೇ ಏಟು. ವಾಲ್ವ್ ವಾಪಸ್ ಹಾಕುವಾಗ ಒಂದು ಕಣ ಧೂಳೂ ಬೀಳಬಾರದು. ಕೊನೆಗೆ ಡೀಸೆಲ್ ಲೈನಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿ.