ಲಾಟರಿಗೆ ಹಾಕುವ ದುಡ್ಡು ಸಾರ್ಥಕವೇ?

ದುಡ್ಡು ಮಾಡುವ ದಾರಿ ಅಂತ ಕೇಳಿದರೆ, ಖಂಡಿತ ಇಲ್ಲ. ಟಿಕೆಟ್ ಮಾರಿ ಬಂದ ಹಣದಲ್ಲಿ ನಡೆಸುವವರ ಪಾಲು, ಮಾರುವವರ ಕಮಿಷನ್ ಎಲ್ಲ ಕಳೆದು ಉಳಿದದ್ದಷ್ಟೇ ಬಹುಮಾನ. ಆಡುವವರೆಲ್ಲ ಒಟ್ಟಾರೆ ಸೋಲುವಂತೆಯೇ ಆಟ ಕಟ್ಟಿರುತ್ತಾರೆ.

49 ಅಂಕಿಗಳಲ್ಲಿ 6 ಆರಿಸುವ ಆಟವನ್ನೇ ತಗೊಳ್ಳಿ. ಆರಿಸಲು 1,39,83,816 ಬಗೆಗಳಿವೆ. ಮೊದಲ ಬಹುಮಾನ ಅದರಲ್ಲಿ ಒಂದಕ್ಕೆ. ವಾರಕ್ಕೆ ಎರಡು ಟಿಕೆಟ್ ಕೊಂಡರೆ ಸರಾಸರಿ 1,34,000 ವರ್ಷಕ್ಕೊಮ್ಮೆ ಹೊಡೆಯಬಹುದು! ಹತ್ತು ಪಟ್ಟು ಟಿಕೆಟ್ ಕೊಂಡರೆ ಅವಕಾಶ ಹತ್ತು ಪಟ್ಟಾಗುತ್ತದೆ ನಿಜ, ಆದರೆ ಖರ್ಚೂ ಅಷ್ಟೇ ಪಟ್ಟು.

‘ಇಷ್ಟು ದಿನ ಬಂದಿಲ್ಲ, ಇನ್ನು ಬಂದೇ ಬರುತ್ತೆ’ ಅನ್ನುವುದು ಬರೀ ಭ್ರಮೆ. ಹಿಂದಿನ ಡ್ರಾ ಮುಂದಿನದಕ್ಕೆ ಗೊತ್ತಿರುವುದಿಲ್ಲ.

ಒಂದು ಸಣ್ಣ ಕಿವಿಮಾತು: ಹುಟ್ಟಿದ ದಿನಾಂಕ ನೋಡಿ ಆರಿಸುವವರು ಬಹಳ, ಹಾಗಾಗಿ 31ರವರೆಗಿನ ಅಂಕಿಗಳಿಗೆ ನೂಕುನುಗ್ಗಲು. 31 ದಾಟಿದ ಅಂಕಿಗಳನ್ನೂ ಆರಿಸಿದರೆ ಗೆಲ್ಲುವ ಅವಕಾಶವೇನೂ ಹೆಚ್ಚದು, ಅಕಸ್ಮಾತ್ ಗೆದ್ದರೆ ಬಹುಮಾನ ಹಂಚಿಕೊಳ್ಳಬೇಕಾದ ಸಾಧ್ಯತೆ ಕಡಿಮೆ.

ಡ್ರಾ ದಿನದವರೆಗೆ ಕನಸು ಕಾಣುವ ಖುಷಿಗೆ, ಹೋದರೆ ಹೋಗಲಿ ಎನ್ನುವಷ್ಟು ಚಿಲ್ಲರೆ ಹಾಕುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಸಾಲ ಮಾಡಿ, ಇಲ್ಲವೇ ಹೋದದ್ದನ್ನು ವಾಪಸ್ ತೆಗೆಯಲು ಆಡುತ್ತಿದ್ದರೆ ಇವತ್ತೇ ನಿಲ್ಲಿಸಿ.